ಗುಬ್ಬಿಗಳ ತಲೆ ಯಾವ ಕಡೆ

ಸೀರೆ ನಕ್ಷೆಯ ಹಾಳೆ ತಲೆಕೆಳಗಾಗಿದೆ ಎಂದಳು ಬ್ರಾಹ್ಮಿ. ಸರಿಯಾಗಿಯೇ ಇದೆ ಎಂದ, ಮೇಜಿನ ಆಚೆ ನಿಂತಿದ್ದ ನೇಕಾರ ಮಹಾಲಿಂಗ. ಅವಳು ಇನ್ನೊಮ್ಮೆ, ಜಮಖಂಡಿಯ ಆಫೀಸಿನಿಂದ ಬಂದವಳ ಗತ್ತಿನಲ್ಲಿ ಹೇಳಿದಳು. ಅವನು ವಾದ ಮಾಡಲಿಲ್ಲ. ಹಾಳೆಯನ್ನು ಮೆಲ್ಲಗೆ ಅವಳ ಕಡೆ ತಿರುಗಿಸಿಟ್ಟ.

"ಈಗ ನನಗ ಉಲ್ಟಾ ಆತಲ್ರಿ."

ಇಬ್ಬರೂ ಹೇಳಿದ್ದು ಖರೆ, ಆದರೂ ಜಗಳ. ಬ್ರಾಹ್ಮಿಗೆ ಸಿಟ್ಟು ಬಂತು. ಮೇಜು ಸುತ್ತಿ ಹೋಗಿ ಅವನ ಪಕ್ಕದಲ್ಲಿ ನಿಂತಳು. ಈಗ ಹಾಳೆ ಇಬ್ಬರಿಗೂ ನೆಟ್ಟಗಿತ್ತು. ಆದರೆ ಅವನ ಅಂಗಿಯಿಂದ ನೂಲಿನ ಗಂಜಿಯ ವಾಸನೆ ಬರುತ್ತಿತ್ತು, ಮೊಳಕೈ ಅವಳ ಮೊಳಕೈಯಿಂದ ಒಂದು ಗೇಣು ದೂರದಲ್ಲಿತ್ತು, ತಾನು ಏನು ಕೇಳಲು ಬಂದಿದ್ದೆ ಎಂಬುದು ಅವಳಿಗೆ ಮರೆತೇ ಹೋಯಿತು.

ಬನಹಟ್ಟಿಯ ಆ ಮಗ್ಗದ ಮನೆಯಲ್ಲಿ ಅವಳ ಗೊಂದಲ ಶುರುವಾದದ್ದು ಹೀಗೆ.

ಬ್ರಾಹ್ಮಿ ತೇರದಾಳದವಳು. ಅವಳು ಏನು ಕೆಲಸ ಮಾಡುತ್ತಾಳೆ ಎಂಬುದು ಅವಳ ಅಪ್ಪ ಅನಂತಪ್ಪನವರಿಗೂ ಸರಿಯಾಗಿ ಗೊತ್ತಿರಲಿಲ್ಲ. "ಕಂಪ್ಯೂಟರಿಗೆ ಬುದ್ಧಿ ಹೇಳ್ತಾಳ" ಎಂದು ಬಸದಿಯಲ್ಲಿ ಕೇಳಿದವರಿಗೆ ಹೇಳುತ್ತಿದ್ದರು. ಅದು ಬಹಳ ತಪ್ಪೂ ಅಲ್ಲ. ಅವಳ ಕಂಪನಿ ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿದ್ದ ಹಳೆಯ ಸೀರೆ ನಕ್ಷೆಗಳ ಫೋಟೋ ತೆಗೆದು, ಅವನ್ನು ಒಂದು ಎಐ ಏಜೆಂಟಿಗೆ ಒಪ್ಪಿಸುತ್ತಿತ್ತು. ಬನಹಟ್ಟಿಯಲ್ಲಿ ಏಜೆಂಟ್ ಎಂದರೆ ಸೀರೆ ಕೊಳ್ಳಲು ಬಂದು ರೇಟು ಇಳಿಸುವ ಮನುಷ್ಯ. ಈ ಏಜೆಂಟ್ ಮನುಷ್ಯನಲ್ಲ, ಹೇಳಿದ ಕೆಲಸವನ್ನು ತಾನೇ ಹಂತಹಂತವಾಗಿ ಮಾಡಿ ಮುಗಿಸುವ ಸಾಫ್ಟ್‌ವೇರ್. ಹಾಳೆಗಳನ್ನು ವಿಂಗಡಿಸುವುದು, ಅಡ್ಡಡ್ಡ ಇದ್ದವನ್ನು ನೆಟ್ಟಗೆ ಮಾಡುವುದು, ಮಗ್ಗಕ್ಕೆ ಕಳಿಸುವುದು, ಎಲ್ಲ ಅದರದೇ ಜವಾಬ್ದಾರಿ.

ಪುಟ ತಿರುಗಿಸಲು ಅದಕ್ಕೊಂದು ಟೂಲ್, ಅಂದರೆ ಚಿಕ್ಕ ಪ್ರೋಗ್ರಾಂ, ಬೇಕಾಗಿತ್ತು. ಅದನ್ನು ಆಫೀಸಿನ ಶುಭಂ ಬರೆದಿದ್ದ. ಆದರೆ ಟೂಲ್ ಇದ್ದರೆ ಸಾಲದು, ಅದನ್ನು ಯಾವಾಗ ಬಳಸಬೇಕು, ಹೇಗೆ ಬಳಸಬೇಕು ಎಂದು ಏಜೆಂಟಿಗೆ ಓದಿ ತಿಳಿಯುವಂತೆ ಯಾರಾದರೂ ಬರೆದಿಡಬೇಕು. ಬರೆಯುವವಳು ಬ್ರಾಹ್ಮಿ. ಯಾವ ಫೈಲು, ಎಷ್ಟನೇ ಪುಟ, ಎಷ್ಟು ತಿರುವು: ಕಾಲು, ಅರ್ಧ ಅಥವಾ ಮುಕ್ಕಾಲು. ತಿರುವುವುದು ಗಡಿಯಾರದ ಮುಳ್ಳು ಹೋಗುವ ಕಡೆಗೆ. ಲೆಕ್ಕ ಹಿಡಿಯುವುದು ಪುಟ ಈಗ ಹೇಗೆ ಕಾಣುತ್ತದೋ ಅಲ್ಲಿಂದ. ಮೂಲ ಫೈಲು ಹಾಗೇ ಇರುತ್ತದೆ, ತಿರುಗಿದ ಪ್ರತಿ ಬೇರೆ ಬರುತ್ತದೆ. ಅರ್ಧ ದಿನದ ಕೆಲಸ ಎಂದಿದ್ದ ಶುಭಂ. ಆದರೆ ಹಾಳೆಯ ಮೇಲ್ಭಾಗ ಯಾವುದು ಎಂಬಲ್ಲಿಗೆ ಬಂದು ಅವಳ ಬರಹ ನಿಂತುಬಿಟ್ಟಿತು. ಅದನ್ನು ತಿಳಿಯಲೆಂದು ಮಹಾಲಿಂಗನ ಮನೆಗೆ ಬಂದಿದ್ದಳು. ಊರಲ್ಲಿ ಅತಿ ಹೆಚ್ಚು ನಕ್ಷೆಗಳಿದ್ದದ್ದು ಅವನ ಮನೆಯಲ್ಲೇ.

ಮೊದಲು ಒಂದು ದಿನಕ್ಕೆಂದು ಬಂದಳು. ಆಮೇಲೆ ದಿನವೂ ಬಂದಳು. ಜಮಖಂಡಿಗಿಂತ ಬನಹಟ್ಟಿ ಹತ್ತಿರ ಎಂದು ಮನೆಯಲ್ಲಿ ಹೇಳಿದಳು. ಮಹಾಲಿಂಗನ ಮನೆಯ ಹಿತ್ತಿಲ ಕಡೆ ಪವರ್‌ಲೂಮ್ ಶೆಡ್ಡಿತ್ತು. ಒಂದು ಮಗ್ಗ ಶುರುವಾದರೆ ಎದುರಿಗಿದ್ದವರ ಮಾತು ಕೇಳಿಸದು, ಎಲ್ಲವೂ ಶುರುವಾದರೆ ನಮ್ಮ ಮಾತೇ ನಮಗೆ ಕೇಳಿಸದು. ಮೂಲೆಯಲ್ಲಿ ಅವನ ತಾಯಿ ಸಾವಕ್ಕ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾ ಕೂತಿರುತ್ತಿದ್ದಳು. ಬ್ರಾಹ್ಮಿಗೊಂದು ಪ್ಲಾಸ್ಟಿಕ್ ಕುರ್ಚಿ, ನಕ್ಷೆ ಬಿಡಿಸುವ ಮೇಜು.

ಅವಳಿಗೊಂದು ಚಾಳಿ ಇತ್ತು. ಬರೆಯುವುದನ್ನೆಲ್ಲ ಬಾಯಲ್ಲಿ ಅನ್ನದೆ ಬರೆಯಲು ಆಗುತ್ತಿರಲಿಲ್ಲ. ಇದರ ಕಾಟಕ್ಕೆ ಶುಭಂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದ. ಇಲ್ಲಿ ಮಗ್ಗದ ಸದ್ದಿನಲ್ಲಿ ಎಷ್ಟು ಬೇಕಾದರೂ ಗೊಣಗಬಹುದು ಎಂದು ಅವಳಿಗೆ ಖುಷಿಯೋ ಖುಷಿ. ಗೊಣಗಿದ್ದೆಲ್ಲ ಟೂಲಿನ ವಿಷಯವೇ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು. ಚಹಾ ಕುಡಿದಾಗ ಬಾಡಗಂಡಿಯ ಕಾರ್ಖಾನೆಯ ಸಕ್ಕರೆಯನ್ನೆಲ್ಲ ಇದೇ ಕಪ್ಪಿಗೆ ಹಾಕಿದ್ದಾರೆ ಎಂದಳು. ಅವನು ಎಳೆ ಜೋಡಿಸುವಾಗ ಬೆರಳು ಎಷ್ಟು ಉದ್ದ ಇವೆ ಎಂದಳು. ನೀಲಿ ಅಂಗಿ ಇವನಿಗೆ ಒಪ್ಪುತ್ತದೆ, ಹಳದಿ ಒಪ್ಪುವುದಿಲ್ಲ ಎಂದೂ ಅಂದಳು.

ಮರುದಿನದಿಂದ ಚಹಾಕ್ಕೆ ಸಕ್ಕರೆ ಕಡಿಮೆಯಾಯಿತು. ಸಾವಕ್ಕನಿಗೆ ಮುಖ ನೋಡಿಯೇ ತಿಳಿದಿರಬೇಕು ಎಂದುಕೊಂಡಳು ಬ್ರಾಹ್ಮಿ. ಹಳದಿ ಅಂಗಿ ಮತ್ತೆ ಕಾಣಲಿಲ್ಲ. ಹರಿದಿರಬೇಕು ಎಂದುಕೊಂಡಳು. ಬುದ್ಧಿವಂತೆ ಹುಡುಗಿ, ಆದರೆ ಎಲ್ಲಿ ಬೇಕೋ ಅಲ್ಲಿ ಆ ಬುದ್ಧಿ ಕೆಲಸ ಮಾಡುತ್ತಿರಲಿಲ್ಲ.

ಅವಳನ್ನು ಕಾಡಿದ್ದು ಅವನ ನೋಟ. ಮಹಾಲಿಂಗ ನೋಡುತ್ತಿದ್ದ, ಅದರಲ್ಲಿ ಸಂಶಯವಿಲ್ಲ. ಆದರೆ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ಮಗ್ಗದ ಆಚೆಯಿಂದ, ಹಾಸಿನ ಎಳೆಗಳ ಮೇಲಿಂದ, ಅವಳ ಬಾಯನ್ನೇ ನೋಡುತ್ತಿದ್ದ. ಬೆಳಿಗ್ಗೆ ರೊಟ್ಟಿಗೆ ಹಚ್ಚಿಕೊಂಡು ತಿಂದ ಶೇಂಗಾ ಹಿಂಡಿ ಹತ್ತಿರಬೇಕೆಂದು ಅವಳು ಕರವಸ್ತ್ರದಿಂದ ತುಟಿ ಒರೆಸಿಕೊಳ್ಳುತ್ತಿದ್ದಳು. ಅವನು ತಟ್ಟನೆ ಮುಖ ತಿರುಗಿಸುತ್ತಿದ್ದ, ಕಿವಿಯ ತುದಿ ಕೆಂಪಗಾಗುತ್ತಿತ್ತು. ಪೋಲಿ ಎನ್ನೋಣವೆಂದರೆ ನಾಚುತ್ತಾನೆ, ಸಭ್ಯ ಎನ್ನೋಣವೆಂದರೆ ಮತ್ತೆ ನೋಡುತ್ತಾನೆ. ಇವನನ್ನು ಯಾವ ಕಡೆಯಿಂದ ಓದಬೇಕು ಎಂಬುದೇ ಅವಳಿಗೆ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಕರೆಂಟ್ ಹೋಗಿ ಶೆಡ್ ಸ್ತಬ್ಧವಾಗಿದ್ದಾಗ ಅವನು ಹೊಸ ನಕ್ಷೆಯೊಂದನ್ನು ಮೇಜಿನ ಮೇಲೆ ಹರವಿದ. ಸೀರೆಯ ದಡಿಗೆ, ಅಂದರೆ ಅಂಚಿಗೆ, ನವಿಲಲ್ಲ, ಹಂಸವಲ್ಲ, ಗುಬ್ಬಿ. ಶೆಡ್ಡಿನ ತೊಲೆಯ ಮೇಲೆ ಗೂಡು ಕಟ್ಟಿದ ಅದೇ ಗುಬ್ಬಿಗಳು, ಒಂದರ ಹಿಂದೆ ಒಂದು, ಕತ್ತು ಕೊಂಕಿಸಿಕೊಂಡು. ಬ್ರಾಹ್ಮಿಗೆ ಎಷ್ಟು ಇಷ್ಟವಾಯಿತೆಂದರೆ ಯಾರ ಆರ್ಡರ್ ಎಂದು ಕೇಳಿಯೇಬಿಟ್ಟಳು.

"ಆರ್ಡರ್ ಅಲ್ರಿ. ನಮ್ಮ ಮನೀದ. ಲಗ್ನದ ಸೀರಿ."

ಆಮೇಲೆ ಅವನೇ ತಡೆದು ತಡೆದು ತಿಳಿಸಿದ. ಅವರ ಮನೆಯಲ್ಲಿ ಮದುಮಗಳ ಸೀರೆಯನ್ನು ಅಂಗಡಿಯಿಂದ ತರುವುದಿಲ್ಲ. ಹುಡುಗನೇ ನೇಯಬೇಕು. ಅದನ್ನು ಹಿಡಿದುಕೊಂಡೇ ಹೆಣ್ಣು ಕೇಳಲು ಹೋಗಬೇಕು. ಅವರು ಸೀರೆ ಇಟ್ಟುಕೊಂಡರೆ ಸಂಬಂಧ ಆದಂತೆ, ತಿರುಗಿ ಕೊಟ್ಟರೆ ಮಡಚಿ ಪೆಟ್ಟಿಗೆಗೆ ಹಾಕಿ ಯಾರೂ ಆ ಮಾತು ಎತ್ತುವುದಿಲ್ಲ. ಇದನ್ನೆಲ್ಲ ಹೇಳುವಾಗಲೂ ಅವನು ಅವಳ ಬಾಯನ್ನೇ ನೋಡುತ್ತಿದ್ದ. ಯಾವಾಗ ಬೇಕು ಎಂದಷ್ಟೇ ಕೇಳಿದಳು. ನಿಮ್ಮ ಕೆಲಸ ಮುಗಿಯುವುದರೊಳಗೆ ಎಂದ.

ಯಾರಿಗೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಕೇಳುವ ಬದಲು ಬಸ್ಸಿನಲ್ಲಿ ಕೂತು ಆ ಹುಡುಗಿಯನ್ನು ತಾನೇ ಹುಟ್ಟಿಸಿಕೊಂಡಳು. ಮುಧೋಳದವಳು. ಉದ್ದ ಜಡೆ. ಮನೆಯ ಬಾಗಿಲಲ್ಲಿ ಎರಡು ಬೇಟೆನಾಯಿ. ಗೊಣಗುವ ಚಾಳಿ ಇಲ್ಲದವಳು. ತೇರದಾಳ ಬರುವಷ್ಟರಲ್ಲಿ ಆ ಇಲ್ಲದ ಹುಡುಗಿಯ ಮೇಲೆ ಬ್ರಾಹ್ಮಿಗೆ ನಿಜವಾದ ಹೊಟ್ಟೆಕಿಚ್ಚು ಹುಟ್ಟಿತ್ತು, ಮಹಾಲಿಂಗನನ್ನು ತಾನು ಪ್ರೀತಿಸುತ್ತಿದ್ದೇನೆ ಎಂಬುದೂ ಆಗಲೇ ಗೊತ್ತಾಯಿತು. ಈ ಕೆಲಸ ಮುಗಿದರೆ ಬನಹಟ್ಟಿಗೆ ಬರಲು ಯಾವ ನೆಪವೂ ಉಳಿಯುವುದಿಲ್ಲ. ಅವನಿಗಾಗಿ ತಾನು ಮಾಡಬಹುದಾದದ್ದು ಒಂದೇ, ಆ ಗುಬ್ಬಿಗಳು ನೆಟ್ಟಗೆ ನಿಲ್ಲುವಂತೆ ನೋಡಿಕೊಳ್ಳುವುದು. ಅಳು ಬಂತು, ಕಿಟಕಿಯ ಕಡೆ ತಿರುಗಿ ಅತ್ತಳು.

ಮರುದಿನ ಹಠ ಹಿಡಿದು ಬರೆದು ಮುಗಿಸಿದಳು. ಮೇಲ್ಭಾಗ ಯಾವುದು ಎಂಬ ಪ್ರಶ್ನೆಗೆ ಒಂದೇ ವಾಕ್ಯದ ಉತ್ತರ: ಅಕ್ಷರಗಳು ನೆಟ್ಟಗೆ ಓದಲು ಬರುವಂತೆ ಪುಟವನ್ನು ತಿರುಗಿಸು. ಶುಭಂ ಓದಿ ಭೇಷ್ ಎಂದ. ಏಜೆಂಟ್ ಪರೀಕ್ಷೆಗೆಂದು ಕೊಟ್ಟ ಕರೆಂಟ್ ಬಿಲ್ಲುಗಳನ್ನು ನೆಟ್ಟಗೆ ಮಾಡಿತು, ಸೊಸೈಟಿಯ ನೋಟೀಸುಗಳನ್ನು ನೆಟ್ಟಗೆ ಮಾಡಿತು. ಮಹಾಲಿಂಗ ತನ್ನ ಗುಬ್ಬಿಯ ಹಾಳೆಯನ್ನೂ ಅದಕ್ಕೇ ಒಪ್ಪಿಸಿದ. ನೀವು ಬರೆದದ್ದಲ್ಲವೇ, ನಂಬಿಕೆ ಇದೆ ಎಂದ. ಅದೂ ಅವಳ ಬಾಯಿ ನೋಡಿಯೇ.

ಏಜೆಂಟ್ ಹೇಳಿದ ಹಾಗೇ ಮಾಡಿತು. ನಕ್ಷೆಯ ಬದಿಯಲ್ಲಿ ಬರೆದಿದ್ದ ಬಣ್ಣಗಳ ಹೆಸರು ಓದಲು ಬರುವಂತೆ ಹಾಳೆಯನ್ನು ಕಾಲು ಸುತ್ತು ತಿರುಗಿಸಿ ಮಗ್ಗಕ್ಕೆ ಕಳಿಸಿತು.

ಮಗ್ಗದ ಮೇಲೆ ಕಾಣುವುದು ಸೀರೆಯ ಬೆನ್ನು. ಆ ಕಡೆ ಎಳೆಗಳು ಜೋತಾಡುತ್ತಿರುವುದರಿಂದ ಗುಬ್ಬಿಯೋ ಗೂಬೆಯೋ ತಿಳಿಯದು. ಸೀರೆ ಅರ್ಧ ನೇಯ್ದಾದ ಮೇಲೆ ಸಾವಕ್ಕ ಬಗ್ಗಿ ಕೆಳಗಿನಿಂದ ನೋಡಿದಳು, ಏನೂ ಹೇಳದೆ ಮಗನನ್ನು ಕರೆದಳು. ಗುಬ್ಬಿಗಳೆಲ್ಲ ಕೊಕ್ಕು ಕೆಳಗಾಗಿ, ಕಾಲು ಪಕ್ಕಕ್ಕೆ ಚಾಚಿ, ಕವಣೆಕಲ್ಲಿನ ಪೆಟ್ಟು ತಿಂದು ಬೀಳುತ್ತಿರುವಂತಿದ್ದವು. ಲಗ್ನದ ಸೀರೆಯ ದಡಿಯುದ್ದಕ್ಕೂ ಬೀಳುವ ಹಕ್ಕಿಗಳು.

ತಪ್ಪು ಎಲ್ಲಿ ಎಂದು ತಿಳಿಯಲು ಬ್ರಾಹ್ಮಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಹಿಂದೆ ನಕ್ಷೆ ನೋಡಿ ಮಗ್ಗದ ರಟ್ಟುಗಳಿಗೆ ತೂತು ಹೊಡೆಯುವವನು ಮೇಜಿನ ಮಗ್ಗುಲಲ್ಲಿ ಕೂರುತ್ತಿದ್ದ. ಅವನಿಗೆ ಓದಲು ಬರಲೆಂದು ಬಣ್ಣದ ಹೆಸರುಗಳನ್ನು ಅಡ್ಡಡ್ಡ ಬರೆಯುವುದು ಈ ಮನೆಯ ರೂಢಿ. ರಟ್ಟು ಹೋಗಿ ಕಂಪ್ಯೂಟರ್ ಬಂತು, ತೂತು ಹೊಡೆಯುವವನೂ ಹೋದ, ಕೈಯ ರೂಢಿ ಮಾತ್ರ ಉಳಿದಿತ್ತು. ಅಕ್ಷರಕ್ಕೊಂದು ಮೇಲು, ಗುಬ್ಬಿಗೊಂದು ಮೇಲು. ಅಡ್ಡ ಬರೆಯುತ್ತೀರಿ ಯಾಕೆ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಎಲ್ಲರೂ ಹೀಗೇ ಬರೆಯುತ್ತಾರೆ ಎಂದುಕೊಂಡಿದ್ದರಿಂದ ಅವನೂ ಹೇಳಿರಲಿಲ್ಲ.

ಅವನು ಬೈದಿದ್ದರೆ ಚೆನ್ನಾಗಿತ್ತು. "ಇರ್ಲಿ ಬಿಡ್ರಿ" ಎಂದು ಹೋಗಿ ಬೇರೆ ಮಗ್ಗ ಶುರು ಮಾಡಿದ. ಆ ದಿನ ಪೂರ್ತಿ ಅವಳ ಬಾಯಿಯ ಕಡೆ ನೋಡಲಿಲ್ಲ. ಇಷ್ಟು ದಿನ ಯಾಕೆ ನೋಡುತ್ತಾನೆ ಎಂದು ತಲೆಕೆಡಿಸಿಕೊಂಡವಳು ಈಗ ಯಾಕೆ ನೋಡುವುದಿಲ್ಲ ಎಂದು ತಲೆಕೆಡಿಸಿಕೊಂಡಳು.

ಜಮಖಂಡಿಯ ಆಫೀಸಿನಲ್ಲಿ ಕೂತು ಆ ವಾಕ್ಯವನ್ನು ಅಳಿಸಿ ಬೇರೆ ಬರೆದಳು. ಅಕ್ಷರ ಒಂದು ಕಡೆ, ಚಿತ್ರ ಇನ್ನೊಂದು ಕಡೆ ಮುಖ ಮಾಡಿದ್ದರೆ ಪುಟ ತಿರುಗಿಸಬೇಡ. ಯಾವುದು ಮೇಲು ಎಂದು ನಿನ್ನಷ್ಟಕ್ಕೆ ನೀನೇ ಊಹಿಸಬೇಡ. ಹಾಳೆ ಯಾರದೋ ಅವರನ್ನು ಕೇಳು.

ಶುಭಂ ಓದಿ, ಇದೇ ಕಡೆಯದು, ಸೋಮವಾರದಿಂದ ಇಲ್ಲೇ ಬಾ, ಬನಹಟ್ಟಿ ಮುಗಿಯಿತು ಎಂದ. ಬ್ರಾಹ್ಮಿ ತಾನು ಬರೆದದ್ದನ್ನು ಎಂದಿನಂತೆ ಬಾಯಲ್ಲಿ ಅಂದುಕೊಂಡಳು. ಊಹಿಸಬೇಡ. ಕೇಳು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಏಜೆಂಟಿಗೆ ಕೇಳು ಎಂದು ಬುದ್ಧಿ ಹೇಳುವವಳು ತಾನೇನು ಕೇಳಿದ್ದೇನೆ? ಮುಧೋಳವಂತೆ, ಜಡೆಯಂತೆ, ನಾಯಿಯಂತೆ. ಅವಳಿಗೆ ನಗು ಬಂತು, ಹೆದರಿಕೆಯೂ ಆಯಿತು. ಲ್ಯಾಪ್‌ಟಾಪ್ ಮುಚ್ಚಿ ಬನಹಟ್ಟಿಯ ಬಸ್ ಹತ್ತಿದಳು.

ಶೆಡ್ಡಿನಲ್ಲಿ ಎಲ್ಲ ಮಗ್ಗಗಳೂ ಓಡುತ್ತಿದ್ದವು, ಒಂದರ ಹೊರತು. ಗುಬ್ಬಿಯ ಸೀರೆ ಅದರ ಮೇಲೆ ಅರ್ಧಕ್ಕೇ ನಿಂತಿತ್ತು. ಮಹಾಲಿಂಗ ಆ ಮಗ್ಗದ ಆಚೆ, ಇನ್ನೊಂದರ ಮುಂದೆ ನಿಂತಿದ್ದ. ಅವಳು ಬಂದದ್ದನ್ನು ನೋಡಿದ, ತಲೆ ಅಲ್ಲಾಡಿಸಿದ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಪ್ರಶ್ನೆಯನ್ನು ಆಮೇಲೆ ಕೇಳಿದರಾಯಿತು ಎಂದುಕೊಂಡಳು. ಕೈಗೆ ಕೆಲಸವಿರಲೆಂದು ಸೀರೆಯನ್ನು ಮುಟ್ಟಿದಳು.

ಮುಟ್ಟಿ, ಇನ್ನೊಮ್ಮೆ ಮುಟ್ಟಿದಳು. ರೇಷ್ಮೆ ಅಲ್ಲ. ದಡಿಯಲ್ಲೂ ಇಲ್ಲ, ಒಡಲಲ್ಲೂ ಇಲ್ಲ. ನೇಕಾರನ ಮನೆಯ ಲಗ್ನದ ಸೀರೆಯಲ್ಲಿ ಒಂದೆಳೆ ರೇಷ್ಮೆ ಇಲ್ಲವೆಂದರೆ ಯಾರು ನಂಬುತ್ತಾರೆ? ರೇಷ್ಮೆ ಉಡದ ಮದುಮಗಳಂದಿರು, ಹೊತ್ತು ಮುಳುಗಿದ ಮೇಲೆ ಉಣ್ಣದ ಬ್ರಾಹ್ಮಿಯ ಜೈನ ಮನೆತನದಲ್ಲಿದ್ದರು. ಹುಳುಗಳನ್ನು ಕುದಿಸಿ ತೆಗೆದ ನೂಲು ಮೈಮೇಲೆ ಬೇಡ ಎಂದು ಅವಳ ಅಜ್ಜಿ, ಅವ್ವ ಇಬ್ಬರೂ ಹತ್ತಿಯ ಸೀರೆ ಉಟ್ಟೇ ಲಗ್ನವಾದವರು. ಹಾಗಾದರೆ ಹುಡುಗಿ ಮುಧೋಳದವಳಲ್ಲ. ನಮ್ಮವಳೇ.

ಇಲ್ಲಿಯವರೆಗೆ ಸರಿಯಾಗಿ ಯೋಚಿಸಿದ ಬ್ರಾಹ್ಮಿ ಇಲ್ಲಿಂದ ಮುಂದೆ ದಾರಿ ತಪ್ಪಿದಳು. ಅವಳಿಗೆ ನೆನಪಾದದ್ದು ಚಿಕ್ಕಪ್ಪನ ಮಗಳು ಕ್ಷಮಾ. ಒಂದು ದಿನ ಸೀರೆ ನೋಡುತ್ತೇನೆಂದು ಜೊತೆಗೆ ಬಂದಿದ್ದಳು, ಮಹಾಲಿಂಗನ ಜೊತೆ ನಕ್ಕು ನಕ್ಕು ಮಾತಾಡಿದ್ದಳು. ಬ್ರಾಹ್ಮಿಗೆ ಎದೆ ಉರಿಯಿತು. ಮಗ್ಗಗಳ ಸದ್ದಿನಲ್ಲಿ ಯಾರಿಗೆ ಕೇಳಿಸುತ್ತದೆ ಎಂಬ ಧೈರ್ಯದಿಂದ ಸೀರೆಯಿಂದ ಮುಖ ಎತ್ತಿ ಅಂದಳು:

"ಕ್ಷಮಾಗ ಗುಬ್ಬಿ ಅಂದ್ರ ಸೇರೂದಿಲ್ಲ. ನನಗ ಸೇರ್ತಾವ. ನನಗ ಕೊಟ್ಟಿದ್ರ ಬಿದ್ದ ಗುಬ್ಬೀನೂ ಉಟ್ಕೊಂಡ ನಿಂದರ್ತಿದ್ದೆ."

ಆಚೆ ಮಹಾಲಿಂಗನ ಕೈ ನಿಂತಿತು. ಅವನು ಏನೋ ಹೇಳಿದ. ಅವಳಿಗೆ ಕೇಳಿಸಲಿಲ್ಲ. ಕೈಸನ್ನೆಯಲ್ಲಿ ಏನು ಎಂದಳು. ಅವನು ಮತ್ತೆ ಹೇಳಿದ, ಬಿಡಿಸಿ ಬಿಡಿಸಿ, ಸಣ್ಣವರಿಗೆ ಹೇಳಿಕೊಟ್ಟಂತೆ. ಆಗಲೂ ತಿಳಿಯಲಿಲ್ಲ. ಕಡೆಗೆ ಮಗ್ಗ ಸುತ್ತಿ ಬಂದು ಅವಳ ಕಿವಿಯ ಹತ್ತಿರ ಬಗ್ಗಿದ.

"ಕ್ಷಮಾ ಅಂದ್ರ ಯಾರ್ರಿ?"

ಬ್ರಾಹ್ಮಿ ಅವನನ್ನೇ ನೋಡಿದಳು. ಇಷ್ಟು ಸದ್ದಿನಲ್ಲಿ ನಿಮಗೆ ಹೇಗೆ ಕೇಳಿಸಿತು ಎಂದಳು.

"ಕೇಳಿಸಲಿಲ್ರಿ. ಕಾಣಿಸ್ತು."

ಮಗ್ಗದ ಮನೆಯಲ್ಲಿ ಬೆಳೆದವರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ತೊಟ್ಟಿಲಲ್ಲಿದ್ದಾಗಿನಿಂದ ಅವನು ಅವ್ವನ ಮಾತು ಕೇಳಿದ್ದೇ ಹಾಗೆ. ಇದನ್ನು ಯಾರಾದರೂ ಹೇಳಬಾರದಿತ್ತೇ! ಕಡಿಮೆ ಸಕ್ಕರೆಯ ಚಹಾ, ಹಳದಿ ಅಂಗಿ, ಉದ್ದ ಬೆರಳು, ಎಲ್ಲವೂ ಒಟ್ಟಿಗೆ ಅವಳ ಕಣ್ಣ ಮುಂದೆ ಬಂದವು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸಿಟ್ಟು, ನಾಚಿಕೆ ಎರಡೂ ಏರಿ, ಹಾಗಾದರೆ ಎಲ್ಲ ಗೊತ್ತಿದ್ದೂ ಸುಮ್ಮನಿದ್ದಿರಾ ಎಂದು ಕೇಳಿದಳು.

"ಅರ್ಧ ಗೊತ್ತಿತ್ರಿ, ಅರ್ಧ ಇಲ್ಲ. ನೀವು ತಲಿ ತಗ್ಗಿಸಿದ್ರ ತುಟಿ ಕಾಣಂಗಿಲ್ಲ. ಒಂದಿನ ಬೆರಳ ಛಲೋ ಅದಾವ ಅಂದ್ರಿ. ಇನ್ನೊಂದಿನ ಈ ಬನಹಟ್ಟಿ ಒಮ್ಮೆ ಮುಗದ್ರ ಸಾಕು ಅಂದ್ರಿ. ಯಾವುದು ಖರೆ ಅಂತ ತಿಳ್ಕೊಳ್ಳಿ?"

ಆಮೇಲೆ ಗುಬ್ಬಿಗಳ ಕಡೆ ಕೈ ತೋರಿಸಿದ. ಈ ಸಲ ಅವಳ ಕಣ್ಣನ್ನೇ ನೋಡಿದ.

"ಇದು ನಿಮಗ ಅಂತ ಹಚ್ಚಿದ್ದೆ. ತೇರದಾಳಕ್ಕ ಕೇಳಾಕ ಬರಾಂವ ಇದ್ದೆ. ಬಿದ್ದ ಗುಬ್ಬಿ ಹಿಡ್ಕೊಂಡ ನಿಮ್ಮ ಮನಿಗೆ ಹ್ಯಾಂಗ ಬರ್ಲಿ?"

ಅವಳ ತುಟಿ ನಡುಗುತ್ತಿತ್ತು, ಅದನ್ನು ಓದಲು ಯಾರ ಕಲಿಕೆಯೂ ಬೇಕಾಗಿರಲಿಲ್ಲ. ಸೀರೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವನ ಕೈ ಅವಳ ಕೈಯ ಮೇಲೆ ಬಂತು, ನೂಲಿನಂತೆ ಹಗುರವಾಗಿ, ಕೇಳಿಕೊಂಡೇ ಬಂದಂತೆ. ಅವಳು ಬಿಡಿಸಿಕೊಳ್ಳಲಿಲ್ಲ.

ಇನ್ನೊಂದು ಸೀರೆ ಸರಿಯಾಗಿ ನೇಯ್ದು ತರುತ್ತೇನೆ, ಸ್ವಲ್ಪ ದಿನ ಕೊಡಿ ಎಂದ ಅವನು. ಅರ್ಧ ಸೀರೆಯೇ ಸಾಕು, ಬಿದ್ದ ಗುಬ್ಬಿಗಳನ್ನೇ ತನ್ನಿ ಎಂದಳು ಅವಳು. ಆಮೇಲೆ ಅವನು ಇನ್ನೂ ಹತ್ತಿರ ಬಗ್ಗಿ, ನಾವು ನೇಕಾರರು, ನೀವು ಜೈನರು, ನಿಮ್ಮ ತಂದೆ ಬಾಗಿಲಲ್ಲೇ ನಿಲ್ಲಿಸಿ ಸೀರೆ ತಿರುಗಿ ಕೊಟ್ಟರೆ ಎಂದ. ಅವನ ಹೆದರಿಕೆ ಸುಳ್ಳಾಗಿರಲಿಲ್ಲ. ಅಪ್ಪಾಜಿ ಏನನ್ನುತ್ತಾರೆ ಎಂದು ಅವಳಿಗೂ ಗೊತ್ತಿರಲಿಲ್ಲ. ಒಪ್ಪಬಹುದು ಎಂದುಕೊಂಡರೆ ಒಪ್ಪುವಂತೆ ಕಾಣುತ್ತಿತ್ತು, ಇಲ್ಲ ಎಂದುಕೊಂಡರೆ ಇಲ್ಲವೆಂದೇ ಕಾಣುತ್ತಿತ್ತು. ಊಹಿಸಿ ಊಹಿಸಿ ಅವಳಿಗೆ ಸಾಕಾಗಿತ್ತು. ಮೊಬೈಲ್ ತೆಗೆದು ಅಲ್ಲೇ ಅಪ್ಪನಿಗೆ ಫೋನ್ ಹಚ್ಚಿದಳು.

ಅನಂತಪ್ಪನವರು ಎತ್ತಿದರು. ಅವಳು ಹೇಳಿದಳು, ಅವರಿಗೆ ಕೇಳಿಸಲಿಲ್ಲ. ಜೋರಾಗಿ ಹೇಳಿದಳು, ಗಿರಣಿಯಲ್ಲಿದ್ದೀಯೇನು ಎಂದರು. ಮಹಾಲಿಂಗ ತನ್ನ ಮಗ್ಗ ನಿಲ್ಲಿಸಿದ. ಉಳಿದವು ಓಡುತ್ತಿದ್ದವು. ಸಾವಕ್ಕ ಕಂಡಿಕೆ ಬಿಟ್ಟು ಎದ್ದಳು. ಎಲ್ಲವನ್ನೂ ಅವಳೂ ಕಂಡಿದ್ದಳು, ಈ ಮನೆಯಲ್ಲಿ ತುಟಿ ಓದುವವನು ಮಗನೊಬ್ಬನೇ ಅಲ್ಲವಲ್ಲ. ಒಂದೊಂದೇ ಮಗ್ಗದ ಹತ್ತಿರ ಹೋಗಿ ಬಂದ್ ಮಾಡುತ್ತಾ ಬಂದಳು. ಕೊನೆಯದೂ ನಿಂತಾಗ ಶೆಡ್ಡಿನಲ್ಲಿ ತೊಲೆಯ ಮೇಲಿನ ಹಕ್ಕಿಗಳ ಸದ್ದು ಮಾತ್ರ ಉಳಿಯಿತು.

"ಅಪ್ಪಾಜಿ, ನಾಳಿ ಬನಹಟ್ಟಿಯಿಂದ ನಮ್ಮ ಮನಿಗೆ ಒಬ್ಬರು ಬರ್ತಾರ. ಮಹಾಲಿಂಗ ಅಂತ, ನೇಕಾರರು. ಅವರವ್ವನೂ ಬರ್ತಾರ."

"ಯಾತಕ್ಕವಾ?"

"ನನ್ನ ಕೇಳಾಕ. ನಾನ ಬರ್ರಿ ಅಂದೇನಿ."

ಮಹಾಲಿಂಗ ಅವಳ ಮುಖ ನೋಡುತ್ತಿದ್ದ. ಈಗ ಓದಲು ಅಲ್ಲಿ ಏನೂ ಇರಲಿಲ್ಲ, ಅವಳಿಗೂ ಏನೂ ತಿಳಿಯುತ್ತಿರಲಿಲ್ಲ. ಫೋನಿನಲ್ಲಿ ಅಪ್ಪನ ಉಸಿರು ಕೇಳಿಸಿತು. ದೂರದಲ್ಲಿ ಅವ್ವ ಯಾರದು ಫೋನು ಎಂದು ಕೇಳಿದ್ದು ಕೇಳಿಸಿತು. ಸಾವಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಕಡೆಗೆ ಅನಂತಪ್ಪನವರು ಗಂಟಲು ಸರಿಮಾಡಿಕೊಂಡರು.

"ಹೊತ್ತ ಮುಳುಗೂದರಾಗ ಬರಾಕ ಹೇಳು. ಕತ್ತಲಾದ ಮ್ಯಾಲ ನಮ್ಮನ್ಯಾಗ ಊಟಕ್ಕ ಕೂಡ್ಸಾಕ ಬರೂದಿಲ್ಲ."